ಬಾಗಿಲಲ್ಲಿ ಪೊಲೀಸ್, ಕೈಯಲ್ಲಿ ವಾರೆಂಟ್ ಇಲ್ಲ

ಬೆಳಗ್ಗೆ ಆರೂವರೆ ಇರಬೇಕು. ನಂದಿನಿ ಬೂತಿನಿಂದ ಎರಡು ಪ್ಯಾಕೆಟ್ ಹಾಲು ಹಿಡಿದು ವಾಪಸ್ ಬರುತ್ತಿದ್ದೆ. ಎದುರು ಕಟ್ಟಡದ ಮುಂದೆ ಪೊಲೀಸ್ ಜೀಪು ನಿಂತಿತ್ತು. ಮೂವತ್ತು-ನಲವತ್ತರ ಸೈಟು, ಅದರ ಮೇಲೆ ಮೂರು ಅಂತಸ್ತು, ಐದು ಬಾಡಿಗೆ ಮನೆ. ಬೆಂಗಳೂರಿನಲ್ಲಿ ಇಂಥ ಕಟ್ಟಡ ಇಲ್ಲದ ಬೀದಿ ಹುಡುಕೋದೇ ಕಷ್ಟ. ಎರಡನೇ ಮಹಡಿಯಿಂದ ಮಾತು ಜೋರಾಗಿಯೇ ಕೇಳಿಸುತ್ತಿತ್ತು.

"ವಾರೆಂಟ್ ತೋರಿಸಿ ಸಾರ್. ವಾರೆಂಟ್ ಇಲ್ದೆ ಹೇಗೆ ಒಳಗೆ ಬರ್ತೀರಾ?"

"ಇದಕ್ಕೆ ವಾರೆಂಟ್ ಬೇಕಿಲ್ಲ ಕಣಪ್ಪ. ಪಕ್ಕಕ್ಕೆ ಸರಿ."

ಅಷ್ಟರಲ್ಲಿ ಒಬ್ಬ ಕಾನ್‌ಸ್ಟೇಬಲ್ ಕೆಳಗಿಳಿದು ಬಂದರು. ನನ್ನನ್ನು ನೋಡಿ, "ಸಾರ್, ಒಂದೈದು ನಿಮಿಷ ಮೇಲೆ ಬರ್ತೀರಾ? ಪಂಚರಾಗಿ ನಿಲ್ಲಬೇಕು" ಅಂದರು. ಪಂಚ ಅಂದರೆ ಶೋಧವನ್ನು ಕಣ್ಣಾರೆ ನೋಡಿ ಸಹಿ ಹಾಕೋ ಸಾಕ್ಷಿ. ಹಾಲಿನ ಪ್ಯಾಕೆಟ್ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಐದು ನಿಮಿಷ ಅಂದದ್ದು ಒಂದೂವರೆ ಗಂಟೆ ಆಯಿತು. ಹಾಲು ಒಡೆಯಿತು ಅಂತ ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ ಕಥೆ.

ವಾರೆಂಟ್ ಕೇಳಿದ ಆ ಹುಡುಗನ ಗೆಳೆಯನೊಬ್ಬ ಮೊಬೈಲ್ ಕಳವು ಕೇಸಿನಲ್ಲಿ ಹಿಂದಿನ ರಾತ್ರಿ ಸಿಕ್ಕಿಬಿದ್ದಿದ್ದ. ಕದ್ದ ಫೋನುಗಳಲ್ಲಿ ಕೆಲವನ್ನು ಈ ಮನೆಯಲ್ಲಿ ಇಟ್ಟಿದ್ದೇನೆ ಅಂದಿದ್ದನಂತೆ. ಅದಕ್ಕೇ ಪೊಲೀಸರು ಬಂದಿದ್ದರು. ಹುಡುಗ ಕೇಳಿದ ಪ್ರಶ್ನೆ ನಮ್ಮೆಲ್ಲರ ಬಾಯಲ್ಲೂ ಬರೋ ಪ್ರಶ್ನೆಯೇ. ಸಿನಿಮಾದಲ್ಲಿ ಹೀರೋ ಕೇಳುತ್ತಾನೆ, ವಿಲನ್ನೂ ಕೇಳುತ್ತಾನೆ. ಆದರೆ ಕಾನೂನಿನ ಪ್ರಕಾರ ಅವತ್ತು ಹುಡುಗ ಹೇಳಿದ್ದು ತಪ್ಪು, ಎಸ್‌ಐ ಹೇಳಿದ್ದು ಅರ್ಧ ಸತ್ಯ. ಉಳಿದ ಅರ್ಧವನ್ನು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಈ ಲೇಖನ ಆ ಅರ್ಧದ ಬಗ್ಗೆ.

ಮೊದಲು ಒಂದು ಭ್ರಮೆ ಕಳೆದುಕೊಳ್ಳೋಣ. ವಾರೆಂಟ್ ಇಲ್ಲದೆ ಮನೆ ಶೋಧಿಸಬಾರದು ಅಂತ ನಮ್ಮ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಬರೆಯಬೇಕು ಅಂತ ಪ್ರಯತ್ನವೇನೋ ಆಗಿತ್ತು. ಮೂಲಭೂತ ಹಕ್ಕುಗಳ ಕರಡು ತಯಾರಾಗುತ್ತಿದ್ದಾಗ ಅಂಥದ್ದೊಂದು ಸಾಲು ಇತ್ತು. ಸಂವಿಧಾನ ಸಲಹೆಗಾರರಾಗಿದ್ದ ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾವ್ ಅದಕ್ಕೆ ಒಪ್ಪಲಿಲ್ಲ. ಕೋರ್ಟಿನ ವಾರೆಂಟ್ ಇಲ್ಲದೆ ಶೋಧವೇ ಕೂಡದು ಅಂದರೆ ಪೊಲೀಸ್ ತನಿಖೆಗೇ ಪೆಟ್ಟು ಬೀಳುತ್ತದೆ ಅನ್ನೋದು ಅವರ ಆತಂಕ. ಆ ಸಾಲು ಹೋಯಿತು. 1948ರ ಡಿಸೆಂಬರ್‌ನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅದನ್ನು ತಿದ್ದುಪಡಿಯಾಗಿ ಮತ್ತೆ ಸಂವಿಧಾನ ಸಭೆಯ ಮುಂದೆ ತಂದರು. ಇದು ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನಲ್ಲಿ ಈಗಾಗಲೇ ಇದೆ, ಆದರೂ ಸಂವಿಧಾನದಲ್ಲಿ ಇದ್ದರೆ ಒಳ್ಳೆಯದೇ ಅಂತ ಅಂಬೇಡ್ಕರ್ ಹೇಳಿದರು. ಅಂಬೇಡ್ಕರ್ ಒಪ್ಪಿದರೂ ಅದು ಕೊನೆಗೆ ಸೇರಲಿಲ್ಲ.

ಹಾಗಾಗಿ ಮನೆಯ ಹೊಸ್ತಿಲು ಕಾಯೋ ಕೆಲಸವೆಲ್ಲ ಸಾಮಾನ್ಯ ಕಾನೂನಿನ ತಲೆ ಮೇಲೆ ಬಿತ್ತು. ಮೊದಲು ಸಿಆರ್‌ಪಿಸಿ, ಅಂದರೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಎಲ್ಲರೂ ಬಿಎನ್‌ಎಸ್‌ಎಸ್ ಅನ್ನುತ್ತಾರೆ. ಹಳೇ ವಕೀಲರ ಬಾಯಲ್ಲಿ ಈಗಲೂ "ಒನ್ ಸಿಕ್ಸ್ಟಿ ಫೈವ್ ಸರ್ಚ್" ಅಂತಲೇ ಬರುತ್ತದೆ. ಹಳೇ 165 ಈಗ 185 ಆಗಿದೆ. ಇಡೀ ವಿಷಯದ ಬೇರು ಇರೋದು ಇಲ್ಲೇ.

ಈ 185ನೇ ಕಲಂ ಪ್ರಕಾರ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ವಾರೆಂಟ್ ಇಲ್ಲದೆ ಮನೆ ಶೋಧಿಸಬಹುದು. ಆದರೆ ಸುಮ್ನೆ ಅಲ್ಲ. ಅವರಿಗೆ ತನಿಖೆ ಮಾಡೋ ಅಧಿಕಾರ ಇರೋ ಅಪರಾಧವೇ ಆಗಿರಬೇಕು. ಅಕ್ಕಪಕ್ಕದವರ ಬೈದಾಟ, ಸಣ್ಣಪುಟ್ಟ ಹೊಡೆದಾಟ, ಮಾನಹಾನಿ ಇಂಥವಕ್ಕೆ ಸ್ಟೇಷನ್‌ನಲ್ಲಿ ಎಫ್‌ಐಆರ್ ಹಾಕದೆ ಎನ್‌ಸಿಆರ್ ಅನ್ನೋ ಬರೀ ದೂರಿನ ದಾಖಲೆ ಬರೆದು ಕಳಿಸುತ್ತಾರಲ್ಲ, ಅವುಗಳಲ್ಲಿ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆಯನ್ನೇ ಮಾಡುವಂತಿಲ್ಲ. ತನಿಖೆ ಇಲ್ಲ ಅಂದಮೇಲೆ ಶೋಧ ಎಲ್ಲಿಂದ ಬಂತು? ಆಮೇಲೆ, ತನಿಖೆಗೆ ಬೇಕಾದ ವಸ್ತು ಆ ಜಾಗದಲ್ಲಿದೆ ಅಂತ ನಂಬೋಕೆ ಸರಿಯಾದ ಕಾರಣ ಇರಬೇಕು. ಆ ವಸ್ತುವನ್ನು ಬೇರೆ ದಾರಿಯಲ್ಲಿ ಪಡೆಯಲು ಹೋದರೆ ತಡವಾಗುತ್ತದೆ ಅನ್ನೋ ಸ್ಥಿತಿ ಇರಬೇಕು. ಇಷ್ಟೂ ಇದ್ದರೆ, ಅಧಿಕಾರಿ ತನ್ನ ನಂಬಿಕೆಗೆ ಕಾರಣ ಏನು, ಯಾವ ವಸ್ತು ಹುಡುಕುತ್ತಿದ್ದೇನೆ ಅನ್ನೋದನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ಬರೆದ ಮೇಲೆ ಶೋಧಿಸಬೇಕು.

ಬರೆದ ಮೇಲೆ. ಅವತ್ತು ಎಸ್‌ಐ ಹೇಳದೆ ಬಿಟ್ಟ ಅರ್ಧ ಇದು.

ಕಾನೂನು ಹೀಗೆ ಯಾಕೆ ಮಾಡಿದೆ ಅಂತ ಒಂದು ಕ್ಷಣ ಯೋಚಿಸಿ. ವಾರೆಂಟ್ ಇದ್ದರೆ ಮ್ಯಾಜಿಸ್ಟ್ರೇಟ್ ಮೊದಲೇ ಕಾರಣ ನೋಡಿರುತ್ತಾರೆ. ಬಿಎನ್‌ಎಸ್‌ಎಸ್ 96, 97ನೇ ಕಲಂಗಳು ಅದಕ್ಕೇ ಇವೆ. ವಾರೆಂಟ್ ಇಲ್ಲದಾಗ ನೋಡೋರು ಯಾರೂ ಇಲ್ಲ. ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟ್ ಜಾಗದಲ್ಲಿ ಕೂತು ತೀರ್ಮಾನ ಮಾಡುತ್ತಾರೆ. ಹಾಗಾಗಿ ಆ ತೀರ್ಮಾನ ಕಾಗದದ ಮೇಲೆ ಇರಲಿ, ನಾಳೆ ಯಾರಾದರೂ ಎತ್ತಿ ನೋಡುವಂತಿರಲಿ ಅನ್ನೋದು ಲೆಕ್ಕ. ಆ ಬರಹದ ಪ್ರತಿ ಹತ್ತಿರದ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. ಹಳೇ ಕಾನೂನಿನಲ್ಲಿ "ಕೂಡಲೇ" ಅಂತ ಮಾತ್ರ ಇತ್ತು. ಹೊಸದರಲ್ಲಿ 48 ಗಂಟೆಯ ಗಡುವು ಹಾಕಿದ್ದಾರೆ. ಮನೆಯವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟ್ ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಈ ಕೊನೆಯ ಮಾತು ಎಷ್ಟು ಜನರಿಗೆ ಗೊತ್ತು? ಒಡೆದ ಹಾಲಿನ ದಿನದವರೆಗೆ ನನಗೂ ಗೊತ್ತಿರಲಿಲ್ಲ.

ಹಾಗಾಗಿ ಬಾಗಿಲಲ್ಲಿ ನಿಂತು "ವಾರೆಂಟ್ ಎಲ್ಲಿ" ಅಂತ ಕೇಳೋದಕ್ಕಿಂತ, "ಯಾವ ಕೇಸು ಸಾರ್, ಕ್ರೈಂ ನಂಬರ್ ಎಷ್ಟು, ಏನು ಹುಡುಕ್ತಿದ್ದೀರಿ, ಕಾರಣ ಬರೆದಿದ್ದೀರಾ" ಅಂತ ಮೆತ್ತಗೆ ಕೇಳೋದು ಜಾಸ್ತಿ ಕೆಲಸಕ್ಕೆ ಬರುತ್ತದೆ. ವಾರೆಂಟ್ ಪ್ರಶ್ನೆಗೆ "ಬೇಕಿಲ್ಲ" ಅನ್ನೋ ಉತ್ತರ ಸಿದ್ಧವಾಗಿರುತ್ತದೆ. ಕ್ರೈಂ ನಂಬರ್ ಕೇಳಿದರೆ ಸ್ವಲ್ಪ ತಡವರಿಸುತ್ತಾರೆ. ನಂಬರ್ ಸಿಕ್ಕರೆ ಎಫ್‌ಐಆರ್ ನೋಡಬಹುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ಕಾರಣ ಬರೆಯೋದು ಬರೀ ಔಪಚಾರಿಕ ಅಂತ ಅಂದುಕೊಳ್ಳಬೇಡಿ. ರಾಜಸ್ಥಾನದ ರೆಹಮಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದ್ದದ್ದು ಇದೇ ಪ್ರಶ್ನೆ. ಅಬಕಾರಿ ಅಧಿಕಾರಿ ಕಾರಣ ಬರೆಯದೆ ಮನೆ ಶೋಧಿಸಲು ಹೋದರು, ಮನೆಯವರು ಅಡ್ಡ ನಿಂತರು. ಅಡ್ಡ ನಿಂತದ್ದಕ್ಕೆ ಕೇಸು. ಕಾರಣ ಬರೆಯದ ಶೋಧವೇ ಕಾನೂನುಬಾಹಿರ, ಹಾಗಾಗಿ ಅದನ್ನು ತಡೆದದ್ದು ಅಪರಾಧವಲ್ಲ ಅಂತ ಕೋರ್ಟ್ ತೀರ್ಮಾನಿಸಿತು. ನಮ್ಮದೇ ರಾಜ್ಯದ ಉದಾಹರಣೆಯೂ ಇದೆ. 1979ರ ಕೆ.ಎಲ್. ಸುಬ್ಬಯ್ಯ ಪ್ರಕರಣ. ಕರ್ನಾಟಕ ಅಬಕಾರಿ ಕಾಯ್ದೆಯ 54ನೇ ಕಲಂ ಪ್ರಕಾರ ಹಗಲಾಗಲಿ ರಾತ್ರಿಯಾಗಲಿ ವಾರೆಂಟ್ ಇಲ್ಲದೆ ಶೋಧಿಸಬಹುದು, ಆದರೆ ನಂಬಿಕೆಗೆ ಕಾರಣ ಮೊದಲು ಬರೆಯಬೇಕು. ಇನ್‌ಸ್ಪೆಕ್ಟರ್ ಬರೆದಿರಲಿಲ್ಲ. ಮದ್ಯ ಸಿಕ್ಕಿದ್ದರೂ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು.

ಇದನ್ನು ಓದಿ ಯಾರೂ ಬಾಗಿಲಿಗೆ ಅಡ್ಡ ನಿಲ್ಲೋ ಸಾಹಸ ಮಾಡಬೇಡಿ. ರೆಹಮಾನ್ ಕೇಸು ಸುಪ್ರೀಂ ಕೋರ್ಟ್‌ವರೆಗೂ ಎಳೆಯಿತು. ಬಾಗಿಲಲ್ಲಿ ನಿಂತಾಗ ಕಾರಣ ಬರೆದಿದ್ದಾರೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗಬೇಕು? ಬರೆದಿದ್ದರೆ, ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಅಂತ ನಿಮ್ಮ ಮೇಲೇ ಇನ್ನೊಂದು ಕೇಸು. "ನನ್ನ ಒಪ್ಪಿಗೆ ಇಲ್ಲ, ಆದರೆ ತಡೆಯೋದಿಲ್ಲ" ಅಂತ ಸಾಕ್ಷಿಗಳ ಎದುರು ಹೇಳಿ ಪಕ್ಕಕ್ಕೆ ಸರಿಯೋದು ಜಾಣತನ. ಈಗಂತೂ ಅದು ವಿಡಿಯೋದಲ್ಲೂ ದಾಖಲಾಗುತ್ತದೆ.

ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ಶೋಧ ಕಾನೂನುಬಾಹಿರ ಆಗಿದ್ದರೆ ಸಿಕ್ಕ ವಸ್ತುವೆಲ್ಲ ಕಸದ ಬುಟ್ಟಿಗೆ ಅಂತ ಅಮೆರಿಕದ ಸೀರಿಯಲ್ ನೋಡಿ ತಿಳಿದವರಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಶೋಧದಲ್ಲಿ ತಪ್ಪಿದ್ದರೂ ಸಿಕ್ಕ ಸಾಕ್ಷ್ಯ ಸಂಬಂಧಪಟ್ಟದ್ದಾದರೆ ಕೋರ್ಟ್ ನೋಡಬಹುದು ಅಂತ 1974ರ ಪೂರನ್ ಮಲ್ ತೀರ್ಪು ಹೇಳಿದೆ. ಅದಕ್ಕೂ ಮುಂಚೆ 1963ರ ರಾಧಾಕಿಶನ್ ತೀರ್ಪು ಇದೇ ಮಾತು ಹೇಳಿ, ಅಂಥ ಜಪ್ತಿಯ ಸಾಕ್ಷ್ಯವನ್ನು ಕೋರ್ಟ್ ಇನ್ನಷ್ಟು ಎಚ್ಚರದಿಂದ ಪರೀಕ್ಷಿಸಬಹುದು ಅಂದಿತ್ತು. ಸುಬ್ಬಯ್ಯ ಪ್ರಕರಣದಂತೆ ವಿಶೇಷ ಕಾಯ್ದೆಯ ಕಡ್ಡಾಯ ನಿಯಮ ಮುರಿದಾಗ ಕಥೆ ಬೇರೆ. ಮಾಮೂಲಿ ಕಳವು, ಮೋಸದ ಕೇಸುಗಳಲ್ಲಿ ಮಾತ್ರ ಕೆಟ್ಟ ಶೋಧದಿಂದ ಒಳ್ಳೇ ಸಾಕ್ಷ್ಯ ಹುಟ್ಟಬಹುದು. ನನ್ನ ಮಟ್ಟಿಗೆ ಹೇಳೋದಾದರೆ ಇದು ಸರಿಯಿಲ್ಲ. ಕಾರಣ ಬರೆಯದಿದ್ದರೂ ನಷ್ಟವೇನಿಲ್ಲ ಅಂತಾದರೆ ಬೆಳಗಿನ ಆರು ಗಂಟೆಗೆ ಡೈರಿ ತೆಗೆದು ಯಾರು ಬರೆಯುತ್ತಾರೆ?

2017ರ ಆಗಸ್ಟ್ 24ರ ತೀರ್ಪು ಇದನ್ನು ಬದಲಿಸಬಹುದು ಅಂತ ಹಲವರು ಕಾದಿದ್ದರು. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ ತೀರ್ಪು ಅದು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೆಂಗಳೂರಿನಲ್ಲೇ ಇದ್ದರು, 2024ರಲ್ಲಿ ತೀರಿಕೊಂಡರು. ಶೋಧದ ವಿರುದ್ಧ ಖಾಸಗಿತನದ ಹಕ್ಕು ಇಲ್ಲ ಅಂದಿದ್ದ 1954ರ ಎಂ.ಪಿ. ಶರ್ಮಾ ತೀರ್ಪು ಆ ಮಟ್ಟಿಗೆ ಬಿದ್ದುಹೋಯಿತು. ಈಗ ಶೋಧಕ್ಕೆ ಕಾನೂನಿನ ಆಧಾರ ಇದ್ದರೆ ಸಾಲದು. ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಅದಕ್ಕೆ ತಕ್ಕಷ್ಟೇ ಇರಬೇಕು. ಆದರೆ ಪೂರನ್ ಮಲ್ ತೀರ್ಪು ಮಾತ್ರ ಅಲುಗಾಡಿಲ್ಲ.

ವಸ್ತುವಿಗಾಗಿ ಅಲ್ಲದೆ ಮನುಷ್ಯನಿಗಾಗಿ ಬರೋದು ಇನ್ನೊಂದು ದಾರಿ. ಬಂಧಿಸಬೇಕಾದ ವ್ಯಕ್ತಿ ಒಂದು ಮನೆಯೊಳಗೆ ಹೋಗಿದ್ದಾನೆ ಅಂತ ನಂಬೋಕೆ ಕಾರಣ ಇದ್ದರೆ ಪೊಲೀಸರು ಒಳಗೆ ಹುಡುಕಬಹುದು. ಅದು ಬಿಎನ್‌ಎಸ್‌ಎಸ್‌ನ 44ನೇ ಕಲಂ. ಅಧಿಕಾರ, ಉದ್ದೇಶ ಎರಡನ್ನೂ ಹೇಳಿ ಬಾಗಿಲು ತೆಗೆಯಿರಿ ಅಂತ ಕೇಳಿದ ಮೇಲೂ ತೆಗೆಯದಿದ್ದರೆ ಬಾಗಿಲು, ಕಿಟಕಿ ಒಡೆಯಲೂಬಹುದು. ಆದರೆ ಮನುಷ್ಯನನ್ನು ಹುಡುಕಲು ಬಂದವರು ಅಕ್ಕಿ ಡಬ್ಬದ ಮುಚ್ಚಳ ತೆಗೆದರೆ? ಡಬ್ಬದಲ್ಲಿ ಮನುಷ್ಯ ಕೂರೋದಿಲ್ಲ. ಅದು ವಸ್ತುವಿನ ಶೋಧ ಆಯಿತು, ಅದಕ್ಕೆ 185ರ ಕಾಗದ ಬೇಕು. ಬಂಧನಕ್ಕೆ ಬಂದವರ ಎದೆ ಮೇಲೆ ಹೆಸರಿನ ಪಟ್ಟಿ ಕಾಣುವಂತೆ ಇರಬೇಕು ಅನ್ನೋ ನಿಯಮವೂ ಇದೆ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟೋ ಮುಂಚೆ ಬಂಧಿಸುವಂತಿಲ್ಲ. ವಿಶೇಷ ಸಂದರ್ಭ ಅಂದರೆ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು.

ಪಕ್ಕದ ಮನೆಯಿಂದ ಕಿರುಚಾಟ ಕೇಳಿ ಯಾರೋ 112ಕ್ಕೆ ಫೋನ್ ಮಾಡಿದರು, ಪೊಲೀಸರ ಹೊಯ್ಸಳ ಗಸ್ತು ವಾಹನ ಬಂತು ಅಂದುಕೊಳ್ಳಿ. ಆಗ ಕಾಗದ ಬರೆಯುತ್ತಾ ನಿಲ್ಲಿ ಅಂತ ಯಾವ ಕಾನೂನೂ ಹೇಳುವುದಿಲ್ಲ. ನಡೆಯುತ್ತಿರೋ ಅಪರಾಧ ತಡೆಯೋದು ಅವರ ಕರ್ತವ್ಯ. ಇದರಲ್ಲಿ ತಕರಾರಿಲ್ಲ.

ತಕರಾರು ಜಾಸ್ತಿ ಇರೋದು ಡ್ರಗ್ಸ್ ಕೇಸುಗಳಲ್ಲಿ. ಬೆಂಗಳೂರಿನ ಪಿಜಿಗಳು, ಹೊರವಲಯದ ಅಪಾರ್ಟ್‌ಮೆಂಟ್‌ಗಳು ಸಿಸಿಬಿ ದಾಳಿಯ ಸುದ್ದಿಯಲ್ಲಿ ಬರುತ್ತಲೇ ಇರುತ್ತವೆ. ಇಲ್ಲಿ ನಡೆಯೋದು 1985ರ ಎನ್‌ಡಿಪಿಎಸ್ ಕಾಯ್ದೆ. ಅದರ ಶಿಕ್ಷೆ ಎಷ್ಟು ಕಠಿಣವೋ ಶೋಧದ ನಿಯಮವೂ ಅಷ್ಟೇ ಬಿಗಿ. ಬಂದ ಮಾಹಿತಿಯನ್ನು ಬರೆದುಕೊಂಡು, ಹಗಲು ಹೊತ್ತಿನಲ್ಲಿ ವಾರೆಂಟ್ ಇಲ್ಲದೆ ಹೋಗಬಹುದು. ಸೂರ್ಯ ಮುಳುಗಿದ ಮೇಲೆ ಹೋಗಬೇಕಾದರೆ, ವಾರೆಂಟ್ ತರೋಕೆ ಹೋದರೆ ಮಾಲು ಮಾಯವಾಗುತ್ತದೆ ಅಥವಾ ಆಸಾಮಿ ಪರಾರಿಯಾಗುತ್ತಾನೆ ಅಂತ ಯಾಕೆ ಅನಿಸಿತು ಅನ್ನೋದನ್ನು ಬೇರೆಯಾಗಿ ಬರೆಯಬೇಕು. ಬರೆದದ್ದು 72 ಗಂಟೆಯೊಳಗೆ ಮೇಲಧಿಕಾರಿಗೆ ತಲುಪಬೇಕು. ಪೂರ್ತಿ ಕೈಬಿಟ್ಟರೆ ಒಪ್ಪಲಾಗದು, ತಡವಾಗಿದ್ದರೆ ತಕ್ಕ ವಿವರಣೆ ಕೊಡಬೇಕು ಅಂತ 2009ರ ಕರ್ನೈಲ್ ಸಿಂಗ್ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿದೆ. ಹೀಗಾಗಿ ಎನ್‌ಡಿಪಿಎಸ್ ಕೇಸಿನ ವಕೀಲರು ಮಾಲು ಎಷ್ಟು ಗ್ರಾಂ ಅಂತ ನೋಡೋದಕ್ಕೂ ಮುಂಚೆ ಗಡಿಯಾರ ನೋಡುತ್ತಾರೆ. ಅವತ್ತು ಸೂರ್ಯ ಎಷ್ಟು ಗಂಟೆಗೆ ಮುಳುಗಿದ, ಇವರು ಎಷ್ಟು ಗಂಟೆಗೆ ಬಾಗಿಲು ತಟ್ಟಿದರು? ವಿನಾಕಾರಣ ಶೋಧಿಸಿ ಕಾಟ ಕೊಟ್ಟ ಅಧಿಕಾರಿಗೂ ಆರು ತಿಂಗಳವರೆಗೆ ಜೈಲು ಅಂತ ಇದೇ ಕಾಯ್ದೆಯ 58ನೇ ಕಲಂ ಹೇಳುತ್ತದೆ. ಪುಸ್ತಕದಲ್ಲಿದೆ.

ಮಾಮೂಲಿ ಕೇಸಿನ ಶೋಧಕ್ಕೆ ಹಗಲು-ರಾತ್ರಿ ಅನ್ನೋ ಗೆರೆ ಇಲ್ಲ. ಬೆಳಗಿನ ಜಾವವೇ ಪೊಲೀಸರಿಗೆ ಇಷ್ಟ, ಯಾಕೆಂದರೆ ಜನ ಮನೆಯಲ್ಲೇ ಇರುತ್ತಾರೆ. ನಮ್ಮ ಊರಿನ ರೌಡಿಶೀಟರ್‌ಗಳ ಮನೆಗಳ ಮೇಲಿನ ದಾಳಿ ಇದಕ್ಕೆ ಒಳ್ಳೇ ಉದಾಹರಣೆ. ಹಬ್ಬವೋ ಚುನಾವಣೆಯೋ ಹತ್ತಿರ ಬಂದರೆ, ನಸುಕಿನಲ್ಲೇ ಹತ್ತಾರು ಮನೆಗಳಿಗೆ ಪೊಲೀಸರು ನುಗ್ಗಿದರು ಅಂತ ಪೇಪರಿನಲ್ಲಿ ಓದುತ್ತೇವೆ. ಸಾಲಾಗಿ ನಿಲ್ಲಿಸಿದ ಫೋಟೋವೂ ಇರುತ್ತದೆ. ಓದಿ ನಮಗೆ ನೆಮ್ಮದಿಯೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಅವತ್ತು ಆ ಮನೆಯಲ್ಲಿ ಹುಡುಕಿದ್ದು ಯಾವ ಕೇಸಿನ ಯಾವ ವಸ್ತು? ಕೇಸೇ ಇಲ್ಲದಿದ್ದರೆ 185ನೇ ಕಲಂ ಅಲ್ಲಿಗೆ ಬರುವುದೇ ಇಲ್ಲ. ರೌಡಿಶೀಟ್ ತೆರೆಯೋದು ಪೊಲೀಸ್ ಮ್ಯಾನ್ಯುಯಲ್ ಪ್ರಕಾರ. ಮ್ಯಾನ್ಯುಯಲ್ಲು ಇಲಾಖೆಯ ಕೈಪಿಡಿ, ಶಾಸನ ಅಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಅನ್ನೋರನ್ನು ದರೋಡೆ ಕೇಸಿನಲ್ಲಿ ಹಿಡಿದು, ಸಾಕ್ಷ್ಯ ಇಲ್ಲ ಅಂತ ಬಿಟ್ಟಿದ್ದರು. ಬಿಟ್ಟ ಮೇಲೂ ರಾತ್ರಿ ಹೊತ್ತು ಬಾಗಿಲು ತಟ್ಟಿ ಎಬ್ಬಿಸಿ ನೋಡಿ ಹೋಗುತ್ತಿದ್ದರು. ಅಲ್ಲಿನ ಪೊಲೀಸ್ ನಿಯಮಾವಳಿಯಲ್ಲಿ ಅದಕ್ಕೆ ಅವಕಾಶ ಇತ್ತು. 1962ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ನಿಯಮಾವಳಿಗೆ ಶಾಸನದ ಬಲ ಇಲ್ಲ, ಶಾಸನದ ಬಲ ಇಲ್ಲದೆ ಒಬ್ಬನ ನಿದ್ದೆ ಕೆಡಿಸುವಂತಿಲ್ಲ ಅನ್ನೋದು ತಾತ್ಪರ್ಯ. 2025ರಲ್ಲಿ ಕೇರಳ ಹೈಕೋರ್ಟ್ ಕೂಡ ಇದೇ ದಾರಿ ಹಿಡಿಯಿತು. ನಡುರಾತ್ರಿ ಬಾಗಿಲು ತಟ್ಟಿದಾಗ ಹೊರಗೆ ಬರಲಿಲ್ಲ ಅಂತ ಹಾಕಿದ್ದ ಕೇಸನ್ನು ರದ್ದು ಮಾಡಿತು. ಅರವತ್ತು ವರ್ಷ ಕಳೆದರೂ ಅದೇ ಬಾಗಿಲು, ಅದೇ ತಟ್ಟು.

ಇನ್ನು ಓನರ್ ವಿಷಯ. ಎದುರು ಮನೆಯ ಓನರ್ ಅವತ್ತು ಕೆಳಗಿನಿಂದಲೇ ಕೂಗಿ ಹೇಳಿದರು, "ಹೋಗಿ ಸಾರ್, ಬೇಕಾದ್ರೆ ಎಲ್ಲಾ ಪೋರ್ಷನ್ನೂ ನೋಡ್ಕೊಳ್ಳಿ, ನಮ್ದೇನೂ ಅಭ್ಯಂತರ ಇಲ್ಲ." ಅವರ ಅಭ್ಯಂತರ ಯಾರು ಕೇಳಿದರು? ಬಾಡಿಗೆ ಕೊಟ್ಟ ಮೇಲೆ ಆ ನಾಲ್ಕು ಗೋಡೆ ಬಾಡಿಗೆದಾರರ ಮನೆ. ಬಾಗಿಲು ತೆಗೆದು ಅವಕಾಶ ಕೊಡಬೇಕಾದ್ದು ಅಲ್ಲಿ ವಾಸ ಇರೋರು, ಆ ಜಾಗ ಯಾರ ಸುಪರ್ದಿಯಲ್ಲಿದೆಯೋ ಅವರು ಅಂತ ಕಾನೂನು ಹೇಳುತ್ತದೆ. ಪಿಜಿಯಲ್ಲಿ ಇದು ಇನ್ನೂ ಗೋಜಲು, ಯಾಕೆಂದರೆ ವಾರ್ಡನ್ ಕೈಯಲ್ಲಿ ಎಲ್ಲಾ ರೂಮಿನ ಡೂಪ್ಲಿಕೇಟ್ ಕೀ ಇರುತ್ತದೆ. ಕೀ ಇದೆ ಅಂದ ಮಾತ್ರಕ್ಕೆ ಒಪ್ಪಿಗೆ ಕೊಡೋ ಹಕ್ಕೂ ಇದೆ ಅಂತಲ್ಲ. ಇನ್ನು "ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗ್ತೀವಮ್ಮ" ಅನ್ನೋ ಮಾತು. ಬನ್ನಿ ಅಂದರೆ ಅದು ಒಪ್ಪಿಗೆ. ಆಮೇಲೆ ಬಲವಂತವಾಗಿ ಬಂದರು ಅನ್ನೋಕೆ ಬಾಯಿಲ್ಲ. ಮನೆಗೆ ಬಂದವರಿಗೆ ಬೇಡ ಅನ್ನೋದು ನಮ್ಮ ಜಾಯಮಾನದಲ್ಲೇ ಇಲ್ಲ, ಅದೇ ಕಷ್ಟ.

ಬೇರೆ ಠಾಣೆಯವರು, ಬೇರೆ ರಾಜ್ಯದವರು ಬಂದರೆ? ಸೈಬರ್ ವಂಚನೆ ಕೇಸುಗಳ ಕಾಲದಲ್ಲಿ ಇದು ಈ ಊರಿಗೆ ಹೊಸದೇನಲ್ಲ. 185ನೇ ಕಲಂ ಇರೋದು ತಮ್ಮ ಠಾಣೆಯ ಸರಹದ್ದಿಗೆ. ಸರಹದ್ದು ದಾಟಿದರೆ ಅಲ್ಲಿನ ಠಾಣಾಧಿಕಾರಿಯ ಮೂಲಕ ಶೋಧಿಸಬೇಕು ಅಂತ 186 ಹೇಳುತ್ತದೆ. ಅಷ್ಟು ಹೊತ್ತಿಗೆ ಸಾಕ್ಷ್ಯ ಕೈತಪ್ಪುತ್ತದೆ ಅನ್ನಿಸಿದರೆ ತಾವೇ ಶೋಧಿಸಿ, ಸ್ಥಳೀಯ ಠಾಣೆಗೆ ತಿಳಿಸಬೇಕು. ಮಫ್ತಿಯಲ್ಲಿ ಬಂದು ಪೊಲೀಸ್ ಅಂದವರ ಬಗ್ಗೆ ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ ಖಚಿತ ಮಾಡಿಕೊಳ್ಳೋದರಲ್ಲಿ ತಪ್ಪೇನಿಲ್ಲ.

ಎದುರು ಮನೆ ಹುಡುಗನ ರೂಮಿನಲ್ಲಿ ಸಿಕ್ಕಿದ್ದು ಎರಡು ಫೋನು. ಮೂರನೆಯದು ಅವನದ್ದೇ, ಚಾರ್ಜಿಗೆ ಹಾಕಿದ್ದ. ಕಾನ್‌ಸ್ಟೇಬಲ್ ಅದನ್ನೂ ಎತ್ತಿಕೊಂಡು "ಲಾಕ್ ತೆಗಿ" ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಪಂಚ, ಸಲಹೆ ಕೊಡೋ ಹಾಗಿಲ್ಲ ಅಂದುಕೊಂಡು ಸುಮ್ಮನಿದ್ದೆ. ಇವತ್ತಾಗಿದ್ದರೆ ಬಾಯಿ ಬಿಡುತ್ತಿದ್ದೆ. ಫೋನಿನ ಒಳಗೆ ಹುಡುಕೋದೂ ಮನೆಯೊಳಗೆ ಹುಡುಕೋದೂ ಒಂದೇ ತೂಕ ಅಂತ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಹೇಳಿದೆ. ಬೆಂಗಳೂರಿನದೇ ಒಂದು ಡ್ರಗ್ಸ್ ಪ್ರಕರಣದಲ್ಲಿ ಬಂದ ತೀರ್ಪು ಅದು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಕೊಡದಿದ್ದರೆ ಸರ್ಚ್ ವಾರೆಂಟ್‌ಗಾಗಿ ಕೋರ್ಟಿಗೆ ಹೋಗಬೇಕು. ತುರ್ತಾಗಿ ವಾರೆಂಟ್ ಇಲ್ಲದೆ ನೋಡಲೇಬೇಕು ಅಂದರೆ ಅದಕ್ಕೂ ಕಾರಣ ಬರೆದಿರಬೇಕು. ಪಾಸ್‌ವರ್ಡ್ ಕೊಟ್ಟ ಮಾತ್ರಕ್ಕೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತಲೂ ಆ ತೀರ್ಪು ಹೇಳಿತು. ದೆಹಲಿಯ ಒಂದು ವಿಶೇಷ ನ್ಯಾಯಾಲಯ ಆಮೇಲೆ ಇದನ್ನು ಒಪ್ಪಲಿಲ್ಲ. ವಾದ ಇನ್ನೂ ಮುಗಿದಿಲ್ಲ.

ಈಗ ಮಹಜರಿಗೆ, ಅಂದರೆ ಪಂಚರ ಎದುರು ಶೋಧದ ವಿವರ ಬರೆಯೋ ಕಾಗದಕ್ಕೆ ಬರೋಣ. ಶೋಧದ ಜೀವ ಇರೋದು ಅಲ್ಲೇ. ಆ ಬೀದಿಯ, ಕೇಸಿಗೆ ಸಂಬಂಧ ಇಲ್ಲದ ಕನಿಷ್ಠ ಇಬ್ಬರು ಮರ್ಯಾದಸ್ಥರು ಪಂಚರಾಗಿರಬೇಕು. ಅಲ್ಲಿ ಯಾರೂ ಸಿಗದಿದ್ದರೆ, ಬರಲೊಪ್ಪದಿದ್ದರೆ ಬೇರೆ ಕಡೆಯವರು ಆಗಬಹುದು. ಲಿಖಿತವಾಗಿ ಕರೆದರೂ ಕಾರಣವಿಲ್ಲದೆ ಬರಲ್ಲ ಅನ್ನೋದು ಅಪರಾಧ. ಆದರೆ ಲಿಖಿತವಾಗಿ ಕರೆಯೋ ಪದ್ಧತಿಯನ್ನು ನಾನಂತೂ ಕಂಡಿಲ್ಲ. ಕೋರ್ಟು-ಕಚೇರಿ ಅಲೆದಾಟಕ್ಕೆ ಹೆದರಿ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗಾಗಿ ಸ್ಟೇಷನ್ ಹತ್ತಿರದ ಟೀ ಅಂಗಡಿಯವನೋ, ಆಟೋದವನೋ ಹತ್ತು ಕೇಸಿಗೆ ಪಂಚ ಆಗುತ್ತಾನೆ. ವಿಚಾರಣೆ ದಿನ ಕಟಕಟೆಯಲ್ಲಿ ನಿಂತು "ಸ್ಟೇಷನ್‌ಗೆ ಕರೆಸಿ ಸಹಿ ಹಾಕಿಸ್ಕೊಂಡ್ರು, ಓದಿ ನೋಡಿಲ್ಲ" ಅಂದುಬಿಡುತ್ತಾನೆ. ಕೇಸು ಅಲ್ಲಿಗೆ ಅರ್ಧ ಸತ್ತಂತೆ.

ನಮ್ಮ ಮಹಜರಿನಲ್ಲಿ ಇನ್ನೊಬ್ಬ ಪಂಚ ಪೇಪರ್ ಹಾಕೋ ಹುಡುಗ. ಎಸ್‌ಐ ಡೈನಿಂಗ್ ಟೇಬಲ್ ಮೇಲೆ ಹಾಳೆ ಇಟ್ಟು ಬರೆಸಿದರು. ಎಲ್ಲಿ ಸಿಕ್ಕಿತು, ಯಾವ ಬಣ್ಣ, ಯಾವ ಕಂಪನಿ. ಫೋನಿನ ಗುರುತು ಹೇಳೋ ಐಎಂಇಐ ನಂಬರ್ ಬಿಟ್ಟಿದ್ದರು. ನಾನು ಕೇಳಿದ ಮೇಲೆ ಸೇರಿಸಿದರು. ಇನ್ನೊಬ್ಬ ಕಾನ್‌ಸ್ಟೇಬಲ್ ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಿದ್ದರು. ಇದು ಹೊಸ ಕಾನೂನಿನ ನಿಜವಾದ ಬದಲಾವಣೆ. ವಾರೆಂಟ್ ಇರಲಿ ಬಿಡಲಿ, ಶೋಧ, ಜಪ್ತಿ, ಪಟ್ಟಿ ಬರೆಯೋದು, ಪಂಚರ ಸಹಿ ಎಲ್ಲವನ್ನೂ ವಿಡಿಯೋ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟ್‌ಗೆ ಕಳಿಸಬೇಕು ಅಂತ 105ನೇ ಕಲಂ ಹೇಳುತ್ತದೆ. ಇದಕ್ಕೆಂದೇ ಇ-ಸಾಕ್ಷ್ಯ ಅನ್ನೋ ಆ್ಯಪ್ ಕೂಡ ಬಂದಿದೆ. ವಿಡಿಯೋ ಮಾಡದಿದ್ದರೆ ಗತಿ ಏನು ಅನ್ನೋದನ್ನು ಮಾತ್ರ ಆ ಕಲಂ ಹೇಳಿಲ್ಲ. ಅವತ್ತು ಕ್ಯಾಮೆರಾ ಶುರುವಾಗಿದ್ದು ಪೊಲೀಸರು ರೂಮಿನೊಳಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ. ಮೊದಲ ಆ ನಾಲ್ಕೈದು ನಿಮಿಷದಲ್ಲಿ ಏನಾಯಿತು ಅಂತ ಪಂಚನಾದ ನನಗೂ ಗೊತ್ತಿಲ್ಲ, ನಾನಿನ್ನೂ ಮೆಟ್ಟಿಲ ಮೇಲಿದ್ದೆ.

ಎಲ್ಲ ಮುಗಿದು ಹೊರಡುವಾಗ ಹುಡುಗನ ತಾಯಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಜಪ್ತಿ ಪಟ್ಟಿಯ ಒಂದು ಪ್ರತಿ ಮನೆಯವರಿಗೆ ಕೊಡಬೇಕು ಅಂತ ನನಗೆ ಹೇಗೋ ನೆನಪಿತ್ತು. "ಸಾರ್, ಇವರಿಗೊಂದು ಕಾಪಿ" ಅಂದೆ. "ಸ್ಟೇಷನ್‌ಗೆ ಬಂದು ತಗೊಳ್ಳಲಿ ಬಿಡಿ" ಅಂದರು. ಇನ್ನೊಂದು ಸಲ ಕೇಳಿದೆ. ಒಂದು ನಿಮಿಷ ನನ್ನನ್ನೇ ನೋಡಿ, ಕಾರ್ಬನ್ ಪ್ರತಿ ಹರಿದು ಕೊಟ್ಟರು. ಆಯಮ್ಮ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟುಕೊಂಡರು.

ಎರಡು ವಾರದ ಮೇಲೆ ಅವರ ವಕೀಲರು ಕೋರ್ಟಿಗೆ ಒಂದು ಪುಟದ ಅರ್ಜಿ ಹಾಕಿದರು, ಶೋಧಕ್ಕೆ ಮುಂಚೆ ಬರೆದ ಕಾರಣದ ಪ್ರತಿ ಕೊಡಿ ಅಂತ. ಪ್ರತಿ ಬಂತು. ಹುಡುಗ ಅದನ್ನು ತಂದು ನನಗೆ ತೋರಿಸಿದ. "ಅಂಕಲ್, ಇದರಲ್ಲಿ ಟೈಮ್ ನೋಡಿ" ಅಂದ. ಕಾರಣ ಸರಿಯಾಗೇ ಇತ್ತು, ಬಂಧಿತ ಆರೋಪಿ ಕೊಟ್ಟ ಮಾಹಿತಿ ಮೇರೆಗೆ ಅಂತ. ಮನೆ ನಂಬರ್ ಸರಿ ಇತ್ತು. ಕೆಳಗೆ ಎಸ್‌ಐ ಸಹಿ, ಸಹಿಯ ಪಕ್ಕದಲ್ಲಿ ಬರೆದ ಹೊತ್ತು: ಬೆಳಗ್ಗೆ 8.20.

ಅಷ್ಟು ಹೊತ್ತಿಗೆ ನಾನು ಮೆಟ್ಟಿಲಿಳಿದು ಮನೆಗೆ ಬಂದು, ಹಾಲು ಕಾಯಿಸಲು ಇಟ್ಟಾಗಿತ್ತು.